ಆಂಟೆನಾಕ್ಕಿಲ್ಲದ ಬೀಗ ಐಪ್ಲೇಯರ್‌ಗೆ ಬಂದದ್ದು ಹೇಗೆ?

2007ರ ಜುಲೈ 27ರಂದು ಬಿಬಿಸಿ ತನ್ನ ಟಿವಿ ಕಾರ್ಯಕ್ರಮಗಳನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಂಡು ನೋಡುವ ಐಪ್ಲೇಯರ್ ಸೇವೆಯನ್ನು ಪ್ರಯೋಗಕ್ಕೆ ಬಿಟ್ಟಾಗ ಅದು ಓಡುತ್ತಿದ್ದುದು ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನಲ್ಲಿ ಮಾತ್ರ. ಮ್ಯಾಕ್, ಲಿನಕ್ಸ್ ಬಳಸುವವರು ಹೊರಗುಳಿದರು. ಬಿಬಿಸಿಯನ್ನು ಸಾಕುವ ಕಲರ್ ಟಿವಿ ಲೈಸೆನ್ಸಿಗೆ ವರ್ಷಕ್ಕೆ 135.50 ಪೌಂಡ್ ಅವರೂ ಕಟ್ಟುತ್ತಿದ್ದರು. ಜಗಳ ಹುಟ್ಟಿದ್ದು ಇಲ್ಲೇ.

ಬಿಬಿಸಿಗೂ ಕೈ ಕಟ್ಟಿತ್ತು ಅನ್ನಿ. ತೋರಿಸುವ ಕಾರ್ಯಕ್ರಮಗಳೆಲ್ಲ ಅದರ ಸ್ವಂತದ್ದಲ್ಲ. ನಿರ್ಮಾಪಕರು, ಬರಹಗಾರರು, ನಟರು, ಸಂಗೀತಗಾರರು ಎಲ್ಲರಿಗೂ ಹಕ್ಕಿನಲ್ಲಿ ಪಾಲಿದೆ. ಡಿವಿಡಿ ಮಾರಾಟಕ್ಕೆ ಪೆಟ್ಟು ಬೀಳಬಾರದೆಂಬ ಚಿಂತೆ ಬೇರೆ. ಹಾಗಾಗಿ ಇಳಿಸಿಕೊಂಡ ಕಾರ್ಯಕ್ರಮಕ್ಕೆ 30 ದಿನದ ಆಯಸ್ಸು. ಒಮ್ಮೆ ನೋಡಲು ಶುರು ಮಾಡಿದರೆ ಏಳೇ ದಿನ. ಈ ಗಡುವನ್ನು ಕಾಯಲು ಆರಿಸಿಕೊಂಡದ್ದು ಮೈಕ್ರೋಸಾಫ್ಟ್‌ನ ಡಿಆರ್‌ಎಂ (ಡಿಜಿಟಲ್ ಹಕ್ಕು ಕಾಯುವ ತಂತ್ರಾಂಶ) ಬೀಗ.

ಬೀಗದ ಕೆಲಸ ಇಷ್ಟು: ಫೈಲು ಗೂಢಲಿಪಿಯಲ್ಲಿ ಬರುತ್ತದೆ, ಪ್ಲೇಯರ್ ಸರ್ವರಿನಿಂದ ಕೀಲಿ ತರಿಸಿಕೊಳ್ಳುತ್ತದೆ, ಕೀಲಿಯ ಜೊತೆಗೇ ಗಡುವೂ ಬರುತ್ತದೆ. ಅಂದರೆ ಕಂಪ್ಯೂಟರು ತನ್ನ ಯಜಮಾನನಿಗೇ ಕಾಣದಂತೆ ಕೀಲಿಯನ್ನು ಬಚ್ಚಿಡಬೇಕು. ಒಳಗಿನ ಕೋಡನ್ನೆಲ್ಲ ಬಿಚ್ಚಿ ತೋರಿಸುವ ಲಿನಕ್ಸಿನಲ್ಲಿ ಇಂಥ ಗುಟ್ಟು ನಿಲ್ಲುವುದು ಕಷ್ಟ.

ಸೇವೆ ಎಲ್ಲ ಬಗೆಯ ಕಂಪ್ಯೂಟರಿಗೂ ಸಿಗಬೇಕು, ಆರು ತಿಂಗಳಿಗೊಮ್ಮೆ ಪರಿಶೀಲಿಸುತ್ತೇವೆ ಎಂದು ಬಿಬಿಸಿಯ ಮೇಲ್ವಿಚಾರಣೆ ನೋಡುತ್ತಿದ್ದ ಬಿಬಿಸಿ ಟ್ರಸ್ಟ್ ಏಪ್ರಿಲ್‌ನಲ್ಲೇ ಷರತ್ತು ಹಾಕಿತ್ತು. ಐಪ್ಲೇಯರ್ ವಿಂಡೋಸ್‌ಗಷ್ಟೇ ಸೀಮಿತವಾಗಬಾರದೆಂದು ಬ್ರಿಟನ್ ಪ್ರಧಾನಿ ಕಚೇರಿಯ ತಾಣದಲ್ಲಿ ಹಾಕಿದ ಆನ್‌ಲೈನ್ ಅರ್ಜಿಗೆ 16,000ಕ್ಕೂ ಹೆಚ್ಚು ಸಹಿ ಬಿತ್ತು. ಆಗಸ್ಟಿನಲ್ಲಿ ಬಿಬಿಸಿ ಕಟ್ಟಡದ ಮುಂದೆ ಹಳದಿ ರಕ್ಷಾಕವಚ ತೊಟ್ಟವರು ಪ್ರತಿಭಟಿಸಿದರು. ಡಿಸೆಂಬರ್ ಹೊತ್ತಿಗೆ ಬ್ರೌಸರಿನಲ್ಲೇ ವಿಡಿಯೊ ಓಡಿಸುವ ಫ್ಲ್ಯಾಶ್ ಐಪ್ಲೇಯರ್‌ಗೆ ಬಂದು, ಮ್ಯಾಕ್ ಮತ್ತು ಲಿನಕ್ಸಿನವರು ನೋಡಲಿಕ್ಕಾದರೂ ಆಯಿತು. ಇಳಿಸಿಕೊಳ್ಳಲು ಇನ್ನೊಂದು ವರ್ಷ ಕಾಯಬೇಕಾಯಿತು.

ನನಗೆ ಇಡೀ ಕಥೆಯಲ್ಲಿ ತಮಾಷೆ ಎನಿಸುವುದು 2008ರ ಮಾರ್ಚ್. ಐಫೋನಿಗೆಂದು ಬಿಬಿಸಿ ಬೀಗವೇ ಇಲ್ಲದ ಎಂಪಿ4 ವಿಡಿಯೊ ಕೊಡತೊಡಗಿತು. ಬ್ರೌಸರು ಸರ್ವರಿಗೆ ತನ್ನ ಪರಿಚಯ ಹೇಳಿಕೊಳ್ಳುವ ಒಂದು ಸಾಲಿರುತ್ತದೆ. ಆ ಸಾಲಿನಲ್ಲಿ ‘ನಾನು ಐಫೋನ್’ ಎಂದು ಸುಳ್ಳು ಬರೆದರೆ ಸಾಕು, ಯಾವ ಕಂಪ್ಯೂಟರಿಗೂ ಆ ಫೈಲು ಸಿಗುತ್ತಿತ್ತು, ಗಡುವಿಲ್ಲದೆ! ಬಿಬಿಸಿ ತೂತು ಮುಚ್ಚಿತು, ಜನ ಇನ್ನೊಂದು ಹುಡುಕಿದರು. 2010ರ ಫೆಬ್ರುವರಿಯಲ್ಲಿ ಫ್ಲ್ಯಾಶ್‌ಗೆ ಹೊಸ ತಪಾಸಣೆ ಸೇರಿಸಿದಾಗ ಎಕ್ಸ್‌ಬಿಎಂಸಿಯಂಥ ಮುಕ್ತ ತಂತ್ರಾಂಶದಲ್ಲಿ ಐಪ್ಲೇಯರ್ ನೋಡುತ್ತಿದ್ದವರಿಗೆ ಪರದೆ ಕಪ್ಪಾಯಿತು.

ಇತ್ತ ಅದೇ ಕಾರ್ಯಕ್ರಮ ಅದೇ ಸಂಜೆ ಬ್ರಿಟನ್ನಿನ ಉಚಿತ ಡಿಜಿಟಲ್ ಟಿವಿ ಫ್ರೀವ್ಯೂ ಮೂಲಕ ಮನೆಯ ಆಂಟೆನಾಕ್ಕೆ ಯಾವ ಗೂಢಲಿಪಿಯೂ ಇಲ್ಲದೆ ಬರುತ್ತಿತ್ತು. 2003ರಿಂದ ಉಪಗ್ರಹದಲ್ಲೂ ಹಾಗೇ. ರೆಕಾರ್ಡರ್ ಇದ್ದವರು ಬೇಕಾದಷ್ಟು ಕಾಲ ಇಟ್ಟುಕೊಳ್ಳಬಹುದಿತ್ತು. ನಕಲು ಮಾಡುವವನಿಗೆ ಈ ದಾರಿ ತೆರೆದೇ ಇದ್ದಾಗ, ಬೀಗ ತಡೆದದ್ದು ‘ತಪ್ಪು’ ಕಂಪ್ಯೂಟರ್ ಕೊಂಡವನನ್ನು. ನಾರ್ವೆಯ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಆರ್‌ಕೆ 2008ರಲ್ಲೇ ತನ್ನದೊಂದು ಪ್ರವಾಸ ಸರಣಿಯನ್ನು ಬೀಗವಿಲ್ಲದೆ, ಜನರೇ ಒಬ್ಬರಿಂದೊಬ್ಬರು ಫೈಲು ಪಡೆಯುವ ಬಿಟ್‌ಟೊರೆಂಟ್‌ನಲ್ಲಿ ಹಂಚಿತು. ಹಕ್ಕುಗಳು ಕೈಯಲ್ಲಿದ್ದರೆ ಹೀಗೂ ಮಾಡಬಹುದು.

2017ರ ಸೆಪ್ಟೆಂಬರ್ 18ರಂದು ಬ್ರೌಸರು ಡಿಆರ್‌ಎಂ ಜೊತೆ ಮಾತಾಡುವ ಇಎಂಇ ಎಂಬ ವ್ಯವಸ್ಥೆ ವೆಬ್‌ನ ಅಧಿಕೃತ ಮಾನಕವಾಯಿತು. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್‌ಎಫ್ ಅಂದೇ ಮಾನಕ ಮಂಡಳಿ ಡಬ್ಲ್ಯು3ಸಿಯಿಂದ ಹೊರನಡೆಯಿತು. ಮಾನಕ ಎಲ್ಲರದ್ದು, ಬೀಗ ತೆರೆಯುವ ಭಾಗ ಮಾತ್ರ ಮುಚ್ಚಿದ ಪೆಟ್ಟಿಗೆ. ಮುಕ್ತ ತಂತ್ರಾಂಶವೆನಿಸಿಕೊಂಡ ಫೈರ್‌ಫಾಕ್ಸ್ ಬ್ರೌಸರು ಕೂಡ ಆ ಪೆಟ್ಟಿಗೆಯನ್ನು ಗೂಗಲ್‌ನಿಂದ ತರಿಸಿಕೊಳ್ಳುತ್ತದೆ.