ಕಾಲು ಎಳೆಯುವ ಗಡಿ

ಹೊಸ ಜಾಗದಲ್ಲಿ ಇನ್‌ಸ್ಟಲೇಶನ್, ಅಂದರೆ ಆ ಜಾಗಕ್ಕೆಂದೇ ಕಟ್ಟುವ ಕಲಾಕೃತಿ, ಮಾಡಬೇಕೆಂದರೆ ಮೊದಲ ದಿನ ನಾನು ಒಯ್ಯುವುದು ಸೀಮೆಸುಣ್ಣ, ಅಳತೆ ಟೇಪು, ಒಂದು ಫ್ಲಾಸ್ಕ್ ಕಾಫಿ ಅಷ್ಟೇ. ಬೆಳಿಗ್ಗೆಯಿಂದ ಸಂಜೆವರೆಗೆ ಸುಮ್ನೆ ಕೂರುತ್ತೇನೆ. ಜನ ಎಲ್ಲಿ ನೇರ ನಡೆಯುತ್ತಾರೆ, ಎಲ್ಲಿ ಪಕ್ಕಕ್ಕೆ ಹೊರಳುತ್ತಾರೆ ನೋಡಿ ನೆಲದ ಮೇಲೆ ಗೆರೆ ಎಳೆಯುತ್ತೇನೆ. ಕಾಂಪೌಂಡು, ಗೇಟು, ಬೇಲಿ ನಕ್ಷೆಯಲ್ಲೇ ಸಿಗುತ್ತವೆ. ಕಾಲು ಎಳೆದ ಗಡಿ ಸಿಗುವುದು ಹೀಗೆ ಕೂತರೆ ಮಾತ್ರ.

ಆ ದಾರಿಗೆ ಅಡ್ಡ ನಿಂತರೆ ಏನಾಗುತ್ತದೆ? 1981ರಲ್ಲಿ ನ್ಯೂಯಾರ್ಕಿನ ಫೆಡರಲ್ ಪ್ಲಾಜಾದಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ‘ಟಿಲ್ಟೆಡ್ ಆರ್ಕ್’ ಎಂಬ ಕಲಾಕೃತಿ ನಿಲ್ಲಿಸಿದರು. 120 ಅಡಿ ಉದ್ದ, 12 ಅಡಿ ಎತ್ತರದ, ತುಸು ವಾಲಿದ ಬಾಗುಗೋಡೆ. ತುಕ್ಕಿನ ಬಣ್ಣಕ್ಕೆ ತಿರುಗಲೆಂದೇ ಆರಿಸಿದ ಉಕ್ಕು. ಸರ್ಕಾರಿ ಕಚೇರಿಯ ಅಂಗಳ ಅದು. ನೇರ ದಾಟುತ್ತಿದ್ದವರು ಈಗ ಸುತ್ತಿ ಹೋಗಬೇಕಾಯಿತು. ಸೆರಾಗೆ ಬೇಕಿದ್ದದ್ದೂ ಅದೇ, ನಡೆಯುವವರಿಗೆ ತಮ್ಮ ನಡಿಗೆಯ ಮೇಲೆ ಗಮನ ಬರಬೇಕು. ಅಲ್ಲಿನ ಎಷ್ಟೋ ನೌಕರರಿಗೆ ಬಂದದ್ದು ಸಿಟ್ಟು. 1985ರ ಬಹಿರಂಗ ವಿಚಾರಣೆಯಲ್ಲಿ 122 ಮಂದಿ ‘ಇರಲಿ’ ಎಂದರು, 58 ಮಂದಿ ‘ಬೇಡ’ ಎಂದರು. ಆದರೂ ತೀರ್ಪು ತೆಗೆಯುವ ಕಡೆಗೇ ಹೋಯಿತು. ಬೇರೆ ಕಡೆ ಇಡೋಣ ಎಂದರೆ ಸೆರಾ ಒಪ್ಪಲಿಲ್ಲ. ಆ ಜಾಗಕ್ಕೆಂದೇ ಮಾಡಿದ್ದನ್ನು ಅಲ್ಲಿಂದ ಎತ್ತಿದರೆ ಅದನ್ನು ನಾಶ ಮಾಡಿದಂತೆ ಎಂಬುದು ಅವರ ಮಾತು. 1989ರ ಮಾರ್ಚ್‌ನಲ್ಲಿ ಗೋಡೆಯನ್ನು ತುಂಡು ಮಾಡಿ ಸಾಗಿಸಿದರು.

ವಾದದಲ್ಲಿ ನಾನು ಸೆರಾ ಕಡೆ. ಆದರೆ ದಿನಾ ಲೇಟಾಗಿ ಓಡಿ ಬರುವ ಗುಮಾಸ್ತ ನಾನೇ ಆಗಿದ್ದರೆ ನನ್ನ ವೋಟು ಎತ್ತ ಬೀಳುತ್ತಿತ್ತೋ!

ಅದಕ್ಕೂ ಮೊದಲು, 1962ರ ಜೂನ್ 27ರಂದು, ಕಲಾವಿದ ದಂಪತಿ ಕ್ರಿಸ್ಟೋ ಮತ್ತು ಜೀನ್-ಕ್ಲಾಡ್ ಪ್ಯಾರಿಸ್ಸಿನ ರೂ ವಿಸ್ಕೊಂಟಿ ಎಂಬ ಕಿರುಬೀದಿಯನ್ನು 89 ಎಣ್ಣೆ ಡ್ರಮ್ಮುಗಳಿಂದ ಮುಚ್ಚಿದ್ದರು. ಬರ್ಲಿನ್ ಗೋಡೆ ಎದ್ದು ಇನ್ನೂ ವರ್ಷ ತುಂಬಿರಲಿಲ್ಲ. ಅನುಮತಿ ಇರಲಿಲ್ಲ. ಎಂಟು ಗಂಟೆ ಇಟ್ಟು ತೆಗೆದರು. ಇದೂ ದಾರಿ ಅಡ್ಡಗಟ್ಟಿದ್ದೇ ಅಲ್ವಾ? ಆದರೆ ಎಂಟು ಗಂಟೆಯ ತಡೆ ಬೇರೆ, ಎಂಟು ವರ್ಷದ ತಡೆ ಬೇರೆ. ನಾವು ಅಡಿ-ಇಂಚಿನ ಲೆಕ್ಕ ಜಾಸ್ತಿ ಇಡುತ್ತೇವೆ, ಗಂಟೆಯ ಲೆಕ್ಕ ಮರೆಯುತ್ತೇವೆ.

2015ರಲ್ಲಿ ನಮ್ಮ ಕಲಾವಿದ ಬಾದಲ್ ನಂಜುಂಡಸ್ವಾಮಿ ಅಡ್ಡಗಟ್ಟುವ ಗೋಜಿಗೇ ಹೋಗಲಿಲ್ಲ. ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಗುಂಡಿಯಲ್ಲಿ ಮೊಸಳೆಯ ಪ್ರತಿಮೆ ಮಲಗಿಸಿದರು. ಗುಂಡಿಯನ್ನು ಬಳಸಿಕೊಂಡು ಹೋಗುವುದು ಆ ರಸ್ತೆಯವರಿಗೆ ಆಗಲೇ ರೂಢಿ. ಗಡಿ ಅಲ್ಲಿ ತಯಾರಾಗಿಯೇ ಇತ್ತು, ಅದರೊಳಗೆ ಪ್ರಾಣಿಯೊಂದು ಬಂತು. ಈ ಕೆಲಸವೂ ಆ ಜಾಗಕ್ಕೆ ಅಂಟಿದ್ದೇ. ಗುಂಡಿ ಮುಚ್ಚಿದರೆ ಕಲಾಕೃತಿಯೂ ಮುಗಿಯಿತು. ಇಲ್ಲಿ ಮಾತ್ರ ಆ ಸಾವನ್ನು ಎಲ್ಲರೂ ಕಾಯುತ್ತಿದ್ದರು.

ಈಗ ನನ್ನ ಎಡವಟ್ಟು. ಒಂದು ಫ್ಲೈಓವರ್ ಕೆಳಗೆ ಎರಡು ಕಂಬಗಳ ನಡುವೆ ಮೊಣಕಾಲೆತ್ತರಕ್ಕೆ ಕೆಂಪು ಹಗ್ಗ ಕಟ್ಟಿದ್ದೆ. ಸೀಮೆಸುಣ್ಣ ಹಿಡಿದು ಕೂತದ್ದು ಭಾನುವಾರ. ಸೋಮವಾರ ಬೆಳಿಗ್ಗೆ ಹೂ ಮಾರುವ ಅಮ್ಮ ಬಂದು, “ಯಾರಪ್ಪಾ ನನ್ನ ಜಾಗದಲ್ಲಿ ಇದನ್ನ ಕಟ್ಟಿದ್ದು?” ಎಂದರು. ಭಾನುವಾರ ಅವರಿಗೆ ರಜೆ. ನಾನು ತಲೆ ಕೆರೆದುಕೊಂಡು, ಸಂಜೆ ಬಿಚ್ಚುತ್ತೇನೆ ಎಂದೆ.

ಸಂಜೆ ಹೋದರೆ ಹಗ್ಗದ ತುಂಬ ಮಲ್ಲಿಗೆ, ಕನಕಾಂಬರದ ಮಾಲೆಗಳು. ನನ್ನ ಗಂಟು ಬಿಚ್ಚಿ, ತಮ್ಮ ಕೈಗೆಟುಕುವ ಎತ್ತರಕ್ಕೆ ಕಟ್ಟಿಕೊಂಡಿದ್ದರು. ಟೇಪು ಹಿಡಿದು ನೋಡಿದೆ, ನಾಲ್ಕು ಅಡಿ ಎರಡು ಇಂಚು. ಬರೆದುಕೊಂಡು, ಒಂದು ಮೊಳ ಮಲ್ಲಿಗೆ ತಗೊಂಡು ಬಂದೆ.