ಒಂದಾಗಲು ಹಿಡಿದ 28 ವರ್ಷ: ಸಿಎಸ್ಐ ವಾರ್ಷಿಕೋತ್ಸವದ ಹಿನ್ನೆಲೆ

ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನದ ಆರಾಧನೆಯಲ್ಲಿ ಸಭಾಪಾಲಕರು, ಅಂದರೆ ಪಾದ್ರಿಗಳು, ಮೇಜಿನ ಬಳಿಯಿಂದ ಇಳಿದು ಬಂದು, ಮುಂದಿನ ಸಾಲಿನವರ ಜೋಡಿಸಿದ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿದು, ಶಾಂತಿ ಕೋರಿ ಸಮಾಧಾನ ಹೇಳುತ್ತಾರೆ. ಅವರು ಪಕ್ಕದವರಿಗೆ, ಪಕ್ಕದವರು ಹಿಂದಿನ ಸಾಲಿಗೆ. ಹೀಗೆ ಕೈಯಿಂದ ಕೈಗೆ ದಾಟಿ ಅದು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತ ಅಜ್ಜಿಯವರೆಗೂ ಹೋಗುತ್ತದೆ. ನಮ್ಮ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಇದು ಮಿಷನರಿಗಳ ಕಾಲದಿಂದಲೂ ಇದ್ದದ್ದೆಂದೇ ಚಿಕ್ಕಂದಿನಲ್ಲಿ ನಾನು ನಂಬಿದ್ದೆ. ನಿಜಕ್ಕೂ ಇದು ಬಂದದ್ದು 1950ರಲ್ಲಿ, ಹೊಸ ಪ್ರಭುಭೋಜನ ಕ್ರಮದ ಜೊತೆಗೆ. ಕೇರಳದ ಸಿರಿಯನ್ ಕ್ರೈಸ್ತರಿಂದ ಕಲಿತ ಪದ್ಧತಿ.

ಸೆಪ್ಟೆಂಬರ್ 27 ಹತ್ತಿರವಾದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ದಕ್ಷಿಣ ಭಾರತ ಸಭೆ, ನಾವೆಲ್ಲ ಕರೆಯುವ ಹಾಗೆ ಸಿಎಸ್ಐ, ಬೇರೆಬೇರೆ ಪ್ರೊಟೆಸ್ಟಂಟ್ ಪಂಗಡಗಳು ಒಂದಾಗಿ ಹುಟ್ಟಿದ್ದು 1947ರ ಆ ದಿನ. ದೇಶಕ್ಕೆ ಸ್ವಾತಂತ್ರ್ಯ ಬಂದು ಆರು ವಾರವಾಗಿತ್ತಷ್ಟೆ. ವಾರ್ಷಿಕೋತ್ಸವದ ಸಿದ್ಧತೆಗೆ ಕೂತರೆ ಹಳೆಯ ರಾಗವೋ ಹೊಸ ಹಾಡೋ ಎಂಬ ಮಾತು ಬಂದೇ ಬರುತ್ತದೆ, ಹಿರಿಯರೂ ಯುವಕರೂ ಮುಖ ತಿರುಗಿಸಿಕೊಳ್ಳುತ್ತಾರೆ. ಆದರೆ ಆ ದಿನ ನಾವು ಆಚರಿಸುವುದೇ ಒಂದು ದೊಡ್ಡ ಬದಲಾವಣೆಯನ್ನು. ಅದನ್ನು ಒಪ್ಪಲು ನಮ್ಮ ಹಿರಿಯರಿಗೆ 28 ವರ್ಷ ಹಿಡಿಯಿತು.

ಅದಕ್ಕೆ ಮುಂಚೆ ನಮ್ಮಲ್ಲಿ ಯಾರು ಯಾವ ಪಂಗಡ ಎಂಬುದನ್ನು ಊರೇ ತೀರ್ಮಾನಿಸುತ್ತಿತ್ತು. ಬಳ್ಳಾರಿಗೆ 1810ರಲ್ಲಿ ಲಂಡನ್ ಮಿಷನ್ ಬಂದಿತ್ತು. ಮೈಸೂರು, ತುಮಕೂರಿನ ಕಡೆ ವೆಸ್ಲಿಯನ್ನರು, ಅಂದರೆ ಮೆಥೋಡಿಸ್ಟರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಆಮೇಲೆ ಧಾರವಾಡದ ಕಡೆಗೂ ಹಬ್ಬಿತು. ಒಬ್ಬರ ಸೀಮೆಗೆ ಇನ್ನೊಬ್ಬರು ಕಾಲಿಡಬಾರದೆಂದು ಮಿಷನ್‌ಗಳು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಹಾಗಾಗಿ ಯುರೋಪಿನ ಜಗಳಗಳ ಗಂಧವೇ ಇಲ್ಲದ ಕನ್ನಡದ ಕುಟುಂಬಗಳು ಆ ಜಗಳಗಳ ಹೆಸರುಗಳನ್ನು ಮಾತ್ರ ಹೊತ್ತುಕೊಂಡವು.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಸೇರಿದ್ದ ಬೋಧಕರು ಇದನ್ನೇ ಎತ್ತಿ ಆಡಿದರು. ಅವರಲ್ಲಿ ಬಹುಪಾಲು ಭಾರತೀಯರು. ಈ ಒಡಕುಗಳು ನಾವು ಮಾಡಿಕೊಂಡದ್ದಲ್ಲ, ಹೊರಗಿನಿಂದ ನಮ್ಮ ಮೇಲೆ ಹೇರಿದ್ದು ಎಂದು ಅವರ ಹೇಳಿಕೆ ಸಾರಿತು. ಮುಂದಾಳಾಗಿದ್ದವರಲ್ಲಿ ದೋರ್ನಕಲ್‌ನ ವಿ.ಎಸ್. ಅಜರಯ್ಯ ಒಬ್ಬರು, ಇಂಗ್ಲೆಂಡಿನ ಚರ್ಚಿನ ಪರಂಪರೆಯ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್, ಅಂದರೆ ಒಂದು ಪ್ರಾಂತದ ಸಭೆಗಳ ಮೇಲ್ವಿಚಾರಕರು.

ಒಂದಾಗುವ ಮಾತುಕತೆ ತೊಡರಿದ್ದು ಬಿಷಪ್ಪರ ವಿಷಯದಲ್ಲಿ. ಬಿಷಪ್ ತಲೆಯ ಮೇಲೆ ಕೈಯಿಟ್ಟು ಬೋಧಕ ಸೇವೆಗೆ ಅಭಿಷೇಕಿಸದವರು ಪ್ರಭುಭೋಜನ ನಡೆಸಲು ತಕ್ಕವರೇ ಅಲ್ಲವೆಂದು ಆಂಗ್ಲಿಕನ್ನರಲ್ಲಿ ಹಲವರ ನಂಬಿಕೆ. ಬಿಷಪ್ಪರ ಯಜಮಾನಿಕೆಯೇ ಬೇಡವೆಂದು ಬೇರೆಯಾಗಿ ಬೆಳೆದವರು ಇನ್ನೊಂದು ಕಡೆ. ಕೊನೆಗೆ ಸಿಕ್ಕ ದಾರಿ ನನಗಂತೂ ಇಂದಿಗೂ ದೊಡ್ಡ ಮನಸ್ಸಿನದು ಅನ್ನಿಸುತ್ತದೆ: ಮುಂದೆ ಎಲ್ಲರ ಅಭಿಷೇಕವೂ ಬಿಷಪ್ಪರ ಕೈಯಿಂದಲೇ ಆಗಲಿ, ಆದರೆ ಈಗಾಗಲೇ ಸೇವೆಯಲ್ಲಿರುವ ಯಾರಿಗೂ ಮರು ಅಭಿಷೇಕ ಬೇಡ. ನಿನ್ನ ಇಷ್ಟು ದಿನದ ಸೇವೆ ಸುಳ್ಳು ಎಂದು ಯಾರಿಗೂ ಹೇಳಲಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಕಟು ವಿರೋಧವಿತ್ತು. ಕವಿ ಟಿ.ಎಸ್. ಎಲಿಯಟ್ 1943ರಲ್ಲಿ ಇದರ ವಿರುದ್ಧ ಒಂದು ಕಿರುಹೊತ್ತಗೆಯನ್ನೇ ಬರೆದರು.

ಅಜರಯ್ಯನವರು 1945ರ ಜನವರಿ 1ರಂದು ತೀರಿಕೊಂಡರು, ಸಭೆಗಳು ಒಂದಾದ ದಿನವನ್ನು ನೋಡಲಿಲ್ಲ. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಆಂಗ್ಲಿಕನ್ನರು, ಮೆಥೋಡಿಸ್ಟರು ಮತ್ತು ಬಿಷಪ್ಪರಿಲ್ಲದೆ ನಡೆಯುತ್ತಿದ್ದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಮೂಲದ ಐಕ್ಯ ಸಭೆಯವರು ಒಂದಾದರು. ಹೊಸ ಸಭೆಯ ಲಾಂಛನದಲ್ಲಿ ಶಿಲುಬೆಗೆ ಜೊತೆಯಾಗಿ ಕಮಲ ಬಂತು. 'ಎಲ್ಲರೂ ಒಂದಾಗಿರಬೇಕು' ಎಂಬ ಯೋಹಾನನ ಸುವಾರ್ತೆಯ ಪ್ರಾರ್ಥನೆಯೇ ಅದರ ಧ್ಯೇಯವಾಕ್ಯ. ಮೈಸೂರು ಡಯಾಸಿಸ್ (ಒಬ್ಬ ಬಿಷಪ್ಪರ ಆಡಳಿತದ ಪ್ರಾಂತ) 1970ರಲ್ಲಿ ಮೂರಾಗಿ ಧಾರವಾಡ, ಬೆಂಗಳೂರು, ಮಂಗಳೂರು ಅವುಗಳ ಕೇಂದ್ರಗಳಾದವು.

ಎಲ್ಲರೂ ಬಂದರೆಂದಲ್ಲ. ಆಂಧ್ರದ ನಂದ್ಯಾಲದ ಆಂಗ್ಲಿಕನ್ ಸಭೆಗಳಲ್ಲಿ ಬಹಳಷ್ಟು 1947ರಲ್ಲಿ ಒಲ್ಲೆವೆಂದು ಹೊರಗುಳಿದವು. ಅವು ಸೇರಿಕೊಂಡದ್ದು 1970ರ ದಶಕದಲ್ಲಿ. ಸಿಎಸ್ಐ ಹೆಂಗಸರಿಗೆ ಬೋಧಕ ಅಭಿಷೇಕ ಕೊಡಲು ತೊಡಗಿದ್ದೂ ಅದೇ ದಶಕದಲ್ಲಿ. 2013ರ ಸೆಪ್ಟೆಂಬರಿನಲ್ಲಿ ಸಿಎಸ್ಐಗೆ ಮೊದಲ ಮಹಿಳಾ ಬಿಷಪ್ ಬಂದರು, ಎಗ್ಗೋನಿ ಪುಷ್ಪಲಲಿತಾ. ಅವರಿಗೆ ವಹಿಸಿದ್ದು ನಂದ್ಯಾಲ ಡಯಾಸಿಸ್. ಒಂದು ಕಾಲಕ್ಕೆ ಬಾಗಿಲಾಚೆ ನಿಂತಿದ್ದ ಊರಿನಿಂದಲೇ ಈ ಸುದ್ದಿ ಬಂದಾಗ ನನ್ನ ಕಣ್ಣು ತುಂಬಿತ್ತು.

ಕೋವಿಡ್ ಬಂದ ಮೇಲೆ ನಮ್ಮ ಸಭೆಯಲ್ಲಿ ಕೈ ಹಿಡಿಯುವುದು ನಿಂತಿತು. ನಿಂತಲ್ಲಿಂದಲೇ ಕೈಮುಗಿದು ಸಮಾಧಾನ ಹೇಳತೊಡಗಿದೆವು. ಈಗ ಕೆಲವರು ಕೈಮುಗಿಯುತ್ತಾರೆ, ಕೆಲವರು ಕೈಚಾಚುತ್ತಾರೆ. ಕಳೆದ ಭಾನುವಾರ ನಾನು ಮುಗಿದ ಕೈಗಳನ್ನು ಬಾಗಿಲ ಬಳಿಯ ಅಜ್ಜಿ ಹಾಗೆಯೇ ತನ್ನ ಅಂಗೈಗಳ ನಡುವೆ ತೆಗೆದುಕೊಂಡಳು.