ಸೈಕಲ್ ಇಲ್ಲದೆ ದಾಟಲಾಗದ ರೋಮ್

ಒಂದು ಹಳೇ ಸೈಕಲ್ ಕಳೆದುಹೋದರೆ ಇಡೀ ಸಂಸಾರವೇ ಯಾಕೆ ಮುಳುಗಬೇಕು? ಇಟಲಿಯ ನಿರ್ದೇಶಕ ವಿತ್ತೋರಿಯೊ ದೆ ಸೀಕಾ 1948ರಲ್ಲಿ ತೆಗೆದ ‘ಬೈಸಿಕಲ್ ಥೀವ್ಸ್’ ಸಿನಿಮಾ ನೋಡುವಾಗ ಈ ಪ್ರಶ್ನೆ ಬರುತ್ತದೆ, ಅಲ್ವಾ? ಅದಕ್ಕೆ ಉತ್ತರ ರೋಮ್ ನಗರದ ನಕ್ಷೆಯಲ್ಲೇ ಇದೆ.

ನಾಯಕ ಆಂತೋನಿಯೊ ಇರುವುದು ವಾಲ್ ಮೆಲೈನಾದಲ್ಲಿ. ಅದು ಸೆಟ್ ಅಲ್ಲ, ಊರಿನ ಉತ್ತರದ ಅಂಚಿನಲ್ಲಿದ್ದ ನಿಜವಾದ ಬಡಾವಣೆ. ಮುಸೊಲಿನಿ ಕಾಲದಲ್ಲಿ ರೋಮ್ ನಡುವಿನ ಹಳೇ ಕೇರಿಗಳನ್ನು ಕೆಡವಿ ಅಗಲವಾದ ರಸ್ತೆಗಳನ್ನು ಮಾಡಿದರು. ಕೊಲೋಸಿಯಂ ಪಕ್ಕದ ದೊಡ್ಡ ಹೆದ್ದಾರಿ 1932ರಲ್ಲಿ ತೆರೆದದ್ದು ಹಾಗೆಯೇ. ಅಲ್ಲಿದ್ದ ಬಡವರಲ್ಲಿ ಬಹಳಷ್ಟು ಜನ ಊರಾಚೆಗೆ ಹೋಗಬೇಕಾಯಿತು. ಅಂಚಿನಲ್ಲಿ ಸರ್ಕಾರಿ ಮನೆಗಳು ಎದ್ದವು. ಕೆಲಸ ಮಾತ್ರ ಊರಿನ ನಡುವೆಯೇ ಉಳಿಯಿತು.

ಸಿನಿಮಾದಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಬಯಲಿನ ನಡುವೆ ಎತ್ತರದ ಕಟ್ಟಡಗಳು. ಹೆಂಡತಿ ಮರಿಯಾ ಬಕೆಟ್‌ಗಳಲ್ಲಿ ನೀರು ಹೊತ್ತು ತರುತ್ತಾಳೆ. ಗಂಡನಿಗೆ ಸಿಕ್ಕಿರುವುದು ನಗರದ ಗೋಡೆಗಳಿಗೆ ಪೋಸ್ಟರ್ ಅಂಟಿಸುವ ಕೆಲಸ. ಸೈಕಲ್ ಇದ್ದರಷ್ಟೇ ಆ ಕೆಲಸ. ಈ ದೂರವೇ ಕಥೆಯ ನಿಜವಾದ ಖಳನಾಯಕ ಎಂದು ನಾನು ನಂಬಿದ್ದೇನೆ. ಮೆಟ್ರೊ ಆ ಕಡೆಗೆ ತಲುಪಿದ್ದು 2015ರಲ್ಲಿ.

ಬೀದಿಯಲ್ಲಿ ಚಿತ್ರೀಕರಣ ಮಾಡುವ ಅಭ್ಯಾಸಕ್ಕೆ ಎರಡನೇ ಮಹಾಯುದ್ಧದ ಕಾರಣವೂ ಇತ್ತು. 1937ರಲ್ಲಿ ಶುರುವಾದ ಚಿನೆಚಿತ್ತಾ ಸ್ಟುಡಿಯೊ ಯುದ್ಧದ ನಂತರ ನಿರಾಶ್ರಿತರ ಶಿಬಿರವಾಗಿತ್ತು. ಆದರೆ ದೆ ಸೀಕಾ ಸುಮ್ನೆ ಅನಿವಾರ್ಯಕ್ಕೆ ಬೀದಿಗಿಳಿದವರಲ್ಲ. ಹಾಲಿವುಡ್ ನಿರ್ಮಾಪಕ ಸೆಲ್ಜ್‌ನಿಕ್ ದುಡ್ಡು ಹಾಕಲು ಮುಂದೆ ಬಂದಿದ್ದರು, ಕ್ಯಾರಿ ಗ್ರಾಂಟ್ ನಾಯಕನಾಗಬೇಕು ಎಂಬ ಷರತ್ತಿನ ಮೇಲೆ. ದೆ ಸೀಕಾ ಒಪ್ಪಲಿಲ್ಲ. ಲ್ಯಾಂಬೆರ್ತೊ ಮಜೊರಾನಿ ಎಂಬ ಕಾರ್ಖಾನೆ ಕಾರ್ಮಿಕನನ್ನೇ ಕರೆತಂದರು.

ಕಳುವಾದ ಸೈಕಲ್ ಹುಡುಕಲು ಅಪ್ಪ-ಮಗ ಮೊದಲು ಹೋಗುವುದು ಪಿಯಾತ್ಸಾ ವಿತ್ತೋರಿಯೊ ಎಂಬ ಚೌಕದ ಸಂತೆಗೆ. ಕದ್ದ ಸೈಕಲ್ ಅಲ್ಲಿ ಬಿಡಿಭಾಗವಾಗಿ ಮಾರಾಟವಾಗುತ್ತದೆ ಅನ್ನುವುದು ಅವರ ಅನುಮಾನ. ಸಾಲು ಸಾಲು ಬೆಲ್ಲು, ಪಂಪು, ಚಕ್ರಗಳ ನಡುವೆ ಪುಟ್ಟ ಬ್ರೂನೊ ಕಳೆದೇಹೋದಂತೆ ಕಾಣುತ್ತಾನೆ. ಆ ಚೌಕದ ಸಂತೆ 2001ರಲ್ಲಿ ಹತ್ತಿರದ ಹಳೇ ಸೇನಾ ಕಟ್ಟಡಕ್ಕೆ ಹೋಯಿತು. ಸಿನಿಮಾದಲ್ಲಿ ಅಪ್ಪ-ಮಗ ಆ ಚೌಕದಿಂದ ಹೋಗುವುದು ಪೋರ್ತಾ ಪೋರ್ತೇಸೆ ಸಂತೆಗೆ. ಜೋರು ಮಳೆ. ಗೋಡೆ ಪಕ್ಕ ನಿಂತ ಪಾದ್ರಿ ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬ ಮುಂದೆ ದೊಡ್ಡ ನಿರ್ದೇಶಕನಾದ ಸೆರ್ಜಿಯೊ ಲಿಯೋನೆ. ಅಲ್ಲಿ ಭಾನುವಾರದ ಸಂತೆ ಇಂದಿಗೂ ನಡೆಯುತ್ತದೆ.

ಕೊನೆಯ ಭಾಗ ಫುಟ್‌ಬಾಲ್ ಕ್ರೀಡಾಂಗಣದ ಹೊರಗೆ. ಪಂದ್ಯ ನೋಡಲು ಬಂದವರ ನೂರಾರು ಸೈಕಲ್‌ಗಳು ನಿಂತಿವೆ. ಒಂದೂ ಇಲ್ಲದವನ ಮುಂದೆ ಅಷ್ಟೊಂದು ಸೈಕಲ್ ಇಡಲು ಇದಕ್ಕಿಂತ ಸರಿಯಾದ ಜಾಗ ಸಿಗುತ್ತಿರಲಿಲ್ಲ. ಆ ಕ್ರೀಡಾಂಗಣವನ್ನು 1957ರಲ್ಲಿ ಕೆಡವಿದರು. 1960ರ ಒಲಿಂಪಿಕ್ಸ್‌ಗಾಗಿ ಅದೇ ಜಾಗದಲ್ಲಿ ಫ್ಲಮೀನಿಯೊ ಕ್ರೀಡಾಂಗಣ ಬಂತು.